ಮಳೆ ಹಿಡಿದ ಮೇಲೆ ಅರ್ಧಕ್ಕಿಳಿದ ಗ್ರಾಫೀನ್ ಸೆನ್ಸರ್

ಜೂನ್ ಎರಡನೇ ವಾರ. ಕಾಸರಗೋಡಿನಲ್ಲಿ ಮಳೆ ಹಿಡಿದಿತ್ತು. ಏಪ್ರಿಲ್‌ನಲ್ಲಿ 0.6 ಮಿಲಿವೋಲ್ಟ್ ತೋರಿಸುತ್ತಿದ್ದ ನನ್ನ ಸೆನ್ಸರ್ ಅದೇ ಅಯಸ್ಕಾಂತಕ್ಕೆ ಈಗ 0.3 ತೋರಿಸುತ್ತಿತ್ತು. ನಾಲ್ಕು ತಿಂಗಳ ಕೆಲಸ ಅದು. ಆ ದಿನ ಊಟ ಸೇರಲಿಲ್ಲ.

ನಾನು ಮಾಡಿದ್ದು ಹಾಲ್ ಸೆನ್ಸರ್. ಎಲೆಕ್ಟ್ರಿಕ್ ಸ್ಕೂಟರಿನ ಮೋಟರಿನಲ್ಲೂ ಇಂಥದ್ದೇ ಇರುತ್ತದೆ, ಆದರೆ ಅದು ಗ್ರಾಫೀನಿನದ್ದಲ್ಲ. ತೆಳು ಪಟ್ಟಿಯಲ್ಲಿ ಕರೆಂಟ್ ಹರಿಸಿ ಅಯಸ್ಕಾಂತ ಹತ್ತಿರ ತಂದರೆ ಪಟ್ಟಿಯ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಚಿನ್ನದ ತೆಳು ಹಾಳೆಯಲ್ಲಿ ಇದನ್ನು ಕಂಡರು. ಹಾಳೆಯಲ್ಲಿ ಚಾರ್ಜ್ ಹೊರುವ ಕಣಗಳು ಕಡಿಮೆ ಇದ್ದಷ್ಟೂ ವೋಲ್ಟೇಜ್ ಜಾಸ್ತಿ. ಗ್ರಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಕಣಗಳು ಕಡಿಮೆ, ಆದರೂ ಓಟ ಜೋರು. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು?

ಗ್ರಾಫೀನ್ ತೆಗೆದದ್ದು ಅಂಟು ಟೇಪಿನಿಂದಲೇ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ತೋರಿಸಿದ ದಾರಿ ಅದು. ಗ್ರಾಫೈಟನ್ನು ಟೇಪಿಗೆ ಅಂಟಿಸಿ, ಮಡಚಿ ಬಿಡಿಸಿ, ಸಿಲಿಕಾನ್ ಚೂರಿನ ಮೇಲೆ ಒತ್ತಿದೆ. ಚೂರಿನ ಮೇಲೆ 300 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಇತ್ತು. ಅಷ್ಟು ದಪ್ಪವಿದ್ದರೆ ಗ್ರಾಫೀನಿನ ಒಂಟಿ ಪದರ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೂ ತಿಳಿ ನೇರಳೆಯಾಗಿ ಕಾಣುತ್ತದೆ. ಟೇಪ್ ಸಮೇತ 100 ಡಿಗ್ರಿಗೆ ಎರಡು ನಿಮಿಷ ಬಿಸಿ ಮಾಡಿ, ತಣಿಸಿ, ನಿಧಾನಕ್ಕೆ ಎಳೆದರೆ ದೊಡ್ಡ ತುಣುಕು ಸಿಗುತ್ತದೆ. ಕರೆಂಟ್ ಕೊಡಲು, ವೋಲ್ಟೇಜ್ ಅಳೆಯಲು ಬೇಕಾದ ಲೋಹದ ಕಾಲುಗಳನ್ನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹಾಕಿಸಿದೆ. ಕೆಳಗೆ ಕ್ರೋಮಿಯಂ, ಮೇಲೆ ಚಿನ್ನ. ಚಿನ್ನ ತಾನಾಗಿ ಗಟ್ಟಿಯಾಗಿ ಅಂಟುವುದಿಲ್ಲ.

ಮೊದಲು ಅಯಸ್ಕಾಂತದ ಮೇಲೆ ಸಂಶಯ ಬಂತು. ಅಳೆದೆ, 0.1 ಟೆಸ್ಲಾ, ಹಾಗೇ ಇತ್ತು. ಕರೆಂಟ್ 10 ಮೈಕ್ರೋಆಂಪ್, ಸರಿ. ವಯರುಗಳೂ ಸರಿ. ಕೊನೆಗೆ ಗೇಟ್ ವೋಲ್ಟೇಜ್, ಅಂದರೆ ಆಕ್ಸೈಡಿನ ಕೆಳಗಿನ ಸಿಲಿಕಾನಿಗೆ ಕೊಡುವ ವೋಲ್ಟೇಜ್, ಏರಿಸುತ್ತಾ ಗ್ರಾಫೀನಿನ ರೆಸಿಸ್ಟೆನ್ಸ್ ನೋಡಿದೆ. ಈ ಪರೀಕ್ಷೆ ಮೊದಲೇ ಮಾಡಬೇಕಿತ್ತು, ನೀವು ಇಲ್ಲಿಂದಲೇ ಶುರು ಮಾಡಿ. ಏಪ್ರಿಲ್‌ನಲ್ಲಿ 14 ವೋಲ್ಟಿನಲ್ಲಿದ್ದ ರೆಸಿಸ್ಟೆನ್ಸಿನ ತುದಿ 28ಕ್ಕೆ ಜರುಗಿತ್ತು. ಕಣಗಳು ಅತಿ ಕಡಿಮೆ ಇರುವಲ್ಲಿ ರೆಸಿಸ್ಟೆನ್ಸ್ ತುದಿ ಮುಟ್ಟುತ್ತದೆ. ಆ ತುದಿ ಸೊನ್ನೆ ವೋಲ್ಟಿನಿಂದ ದೂರ ಇದ್ದಷ್ಟೂ, ಗೇಟಿಗೆ ವೋಲ್ಟೇಜ್ ಕೊಡದಾಗ ಇರುವ ಕಣ ಜಾಸ್ತಿ. 300 ನ್ಯಾನೋಮೀಟರ್ ಆಕ್ಸೈಡಿನಲ್ಲಿ ಒಂದು ವೋಲ್ಟ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 7,200 ಕೋಟಿ ಕಣ. ಹಾಗಾದರೆ ಒಂದು ಲಕ್ಷ ಕೋಟಿ ಇದ್ದ ಕಣಗಳು ಎರಡು ಲಕ್ಷ ಕೋಟಿಯಾಗಿದ್ದವು. ಕಣ ದುಪ್ಪಟ್ಟು, ವೋಲ್ಟೇಜ್ ಅರ್ಧ. ಲೆಕ್ಕ ಕೂಡಿ ಬಂತು! ಗೇಟನ್ನು ಏರಿಸುವಾಗ ಒಂದು ಗೆರೆ, ಇಳಿಸುವಾಗ ಇನ್ನೊಂದು ಗೆರೆ ಬರುತ್ತಿತ್ತು. ತೇವ ಕೂತಿದೆ ಎನ್ನುವುದಕ್ಕೆ ಅದೂ ಗುರುತು. ಗಾಳಿಯ ನೀರು ಗ್ರಾಫೀನಿನ ಮೇಲೆ ಕೂತು ಎಲೆಕ್ಟ್ರಾನ್ ಎಳೆದುಕೊಳ್ಳುತ್ತಿತ್ತು. ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳೇ ಇಲ್ಲಿ ಚಾರ್ಜ್ ಹೊರುವ ಕಣಗಳು, ಹಾಗಾಗಿ ಅವು ಹೆಚ್ಚಾದವು.

ನಿರ್ವಾತದಲ್ಲಿ 120 ಡಿಗ್ರಿಗೆ ರಾತ್ರಿಯಿಡೀ ಕಾಯಿಸಿದೆ. ತುದಿ 15ಕ್ಕೆ ಬಂತು. ಹೊರಗೆ ತೆಗೆದ ಮೂರನೇ ದಿನ ಮತ್ತೆ 25. ಮನೆಯಲ್ಲಿ ಹೇಳಿದಾಗ ಅಮ್ಮ, "ಹಲಸಿನ ಹಪ್ಪಳ ಎಷ್ಟು ಒಣಗಿಸಿದರೇನು, ಡಬ್ಬಿ ಮುಚ್ಚದಿದ್ದರೆ ಮೆತ್ತಗಾಗುವುದಿಲ್ವಾ?" ಎಂದರು. ಅವರ ಮಾತು ಸರಿಯಾಗಿತ್ತು.

ಮುಚ್ಚಳಕ್ಕೆ ಬೋರಾನ್ ನೈಟ್ರೈಡ್ ಆರಿಸಿದೆ. ಅದರ ಪರಮಾಣುಗಳದ್ದೂ ಗ್ರಾಫೀನಿನ ಹಾಗೆ ಜೇನುಗೂಡಿನ ಜೋಡಣೆ, ಆದರೆ ಕರೆಂಟ್ ಹರಿಯುವುದಿಲ್ಲ. ಹೊಸ ಸೆನ್ಸರಿನಲ್ಲಿ ಗ್ರಾಫೀನಿನ ಕೆಳಗೂ ಮೇಲೂ ಅದನ್ನೇ ಇಟ್ಟು, ಲೋಹವನ್ನು ಅಂಚಿಗೆ ಮಾತ್ರ ತಾಗಿಸಿದೆವು. ರಬ್ಬರಿನ ಮುದ್ರೆಯಿಂದ ಪದರ ಎತ್ತಿಡುವಾಗ ಗಾಳಿಗುಳ್ಳೆ ಸೇರಿ ಐದು ಜೋಡಣೆ ಹಾಳಾದವು. ಆರನೆಯದು ಕೂತಿತು. ಗಡಿಬಿಡಿ ಮಾಡದೆ, ಒಂದು ಮೂಲೆಯಿಂದ ಇಂಚಿಂಚೇ ಇಳಿಸಬೇಕು.

ಆಗಸ್ಟ್ ಮುಗಿಯುತ್ತಾ ಬಂತು. ಮೂರು ವಾರ ಮೇಜಿನ ಮೇಲೇ ಇದ್ದರೂ ತುದಿ ಒಂದು ವೋಲ್ಟ್ ಸಹ ಜರುಗಿಲ್ಲ. ಅಯಸ್ಕಾಂತ ಇಲ್ಲದಾಗಲೂ ಸ್ವಲ್ಪ ವೋಲ್ಟೇಜ್ ಉಳಿಯುತ್ತದೆ. ಕಾಲುಗಳು ಎದುರುಬದುರು ನೇರ ಇಲ್ಲದಿದ್ದರೆ ಹಾಗಾಗುತ್ತದೆ. ಕರೆಂಟಿನ ಜೋಡಿಯನ್ನೂ ವೋಲ್ಟೇಜಿನ ಜೋಡಿಯನ್ನೂ ಅದಲುಬದಲು ಮಾಡಿ ಸರಾಸರಿ ತೆಗೆದರೆ ಅದರ ಬಹುಪಾಲು ಕಳೆದುಹೋಗುತ್ತದೆ. ಉಳಿದದ್ದನ್ನು ಈ ವಾರ ನೋಡಬೇಕು.