ಕೇಸಿದ್ದವನಿಗೆ ನರ್ಸಿಂಗ್ ಪಿನ್: ನನ್ನ ಅನುಭವ

ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಯಿಂದ ನನಗೆ ಪಿನ್, ಅಂದರೆ ನರ್ಸ್ ಆಗಿ ನೋಂದಣಿಯ ನಂಬರ್, ಬಂದು ಎರಡು ವರ್ಷ ದಾಟಿತು. ‘ಕೇಸಿರೋನಿಗೆ ಅಲ್ಲಿ ಯಾವನು ಕೊಡ್ತಾನೆ’ ಅಂದಿದ್ದ ಏಜೆಂಟರೇ ಈಗ ಹುಡುಗರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪರೀಕ್ಷೆ ಓಇಟಿ, ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ ಸಿಬಿಟಿ ನಿಮಗೆ ಗೊತ್ತೇ ಇದೆ, ಬಿಡಿ.

2010ರಲ್ಲಿ ಹೊಲದ ಬದುವಿನ ವಿಷಯಕ್ಕೆ ದಾಯಾದಿಗಳ ಜೊತೆ ಹೊಡೆದಾಟ. ನನಗೆ ಹತ್ತೊಂಬತ್ತು. ಆರೋಪಿಗಳ ಪಟ್ಟಿಯಲ್ಲಿ ಅಪ್ಪ ಎ1, ಅಣ್ಣ ಎ2, ನಾನು ಎ3. ಐಪಿಸಿ 323 (ಹೊಡೆದು ನೋಯಿಸಿದ್ದು), 324 (ಆಯುಧದಿಂದ ಗಾಯ), ಜೊತೆಗೆ 34 (ಒಟ್ಟಾಗಿ ಮಾಡಿದ್ದು). ವಾಯಿದೆ ಮೇಲೆ ವಾಯಿದೆ, ಆರು ವರ್ಷ ಎಳೆಯಿತು. ಅಷ್ಟರಲ್ಲಿ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿದು ಇಲ್ಲಿನ ನರ್ಸಿಂಗ್ ನೋಂದಣಿಯೂ ಆಗಿತ್ತು. 2016ರಲ್ಲಿ ತಪ್ಪಿತಸ್ಥರು ಅಂತ ತೀರ್ಪು ಬಂತು. ಜೈಲಿಲ್ಲ, ಪ್ರೊಬೇಷನ್ ಕಾಯ್ದೆಯ ಸೆಕ್ಷನ್ 4ರ ಪ್ರಕಾರ ಒಳ್ಳೆ ನಡತೆಗೆ ಒಂದು ವರ್ಷದ ಮುಚ್ಚಳಿಕೆ, ಗಾಯಗೊಂಡವರಿಗೆ ಐದೋ ಆರೋ ಸಾವಿರ ಪರಿಹಾರ. ವಕೀಲರಿಗೆ ಒಟ್ಟು ನಲವತ್ತು ಸಾವಿರ ಹೋಗಿರಬೇಕು. ಎರಡು ಹಸು ಮಾರಿದ್ದೆವು.

‘ಪ್ರೊಬೇಷನ್ ಅಂದ್ರೆ ಶಿಕ್ಷೆನೇ ಅಲ್ಲಪ್ಪ, ಎಲ್ಲೇ ಕೇಳಿದ್ರೂ ಇಲ್ಲ ಅಂತ ಬರಿ’ ಅಂದರು ವಕೀಲರು. ಬರೆದೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ, ಐಸಿಯು ಕೆಲಸ. ಇಪ್ಪತ್ತನೇ ದಿನ ಎಚ್‌ಆರ್‌ನವರು ಕರೆದು ಕೋರ್ಟ್ ಕೇಸುಗಳ ವೆಬ್‌ಸೈಟ್ ಇ-ಕೋರ್ಟ್ಸ್ ಪುಟದ ಪ್ರಿಂಟ್ ಮುಂದಿಟ್ಟರು. ಕೇಸಿಗಲ್ಲ, ಸುಳ್ಳು ಬರೆದದ್ದಕ್ಕೆ ತೆಗೆದರು. ಆ ಇಪ್ಪತ್ತು ದಿನದ ಸಂಬಳವೂ ಬರಲಿಲ್ಲ.

ಆಮೇಲೆ ಕಾಯ್ದೆಯನ್ನೇ ಕೂತು ಓದಿದೆ. ಸೆಕ್ಷನ್ 12 ಹೇಳುವುದು ಶಿಕ್ಷೆಯಾದವರಿಗೆ ಬರುವ ಅನರ್ಹತೆ ನಮಗೆ ಬರುವುದಿಲ್ಲ ಅಂತ. ತಪ್ಪಿತಸ್ಥ ಅನ್ನುವ ತೀರ್ಪೇ ಅಳಿಸಿಹೋಗುತ್ತೆ ಅಂತ ಅಲ್ಲ. ಹಾಗಾಗಿ ಫಾರ್ಮು ಕೇಳಿದರೆ ‘ಹೌದು’ ಅಂತಲೇ ಬರೆಯಬೇಕು. ಇದನ್ನು ಯಾವ ಏಜೆಂಟೂ ಹೇಳಲಿಲ್ಲ.

ಆದರೂ ಮನಸ್ಸು ನೋಡಿ. ಒಂದು ರಾತ್ರಿ ಸುಮ್ನೆ ಇ-ಕೋರ್ಟ್ಸ್‌ನಲ್ಲಿ ನನ್ನ ಹೆಸರನ್ನು ಐದಾರು ಸ್ಪೆಲ್ಲಿಂಗ್‌ನಲ್ಲಿ ಹುಡುಕಿದೆ. ನಡುವೆ ‘ಎಚ್’ ಹಾಕಿದರೆ ಕೇಸು ಸಿಗುತ್ತೆ, ಬಿಟ್ಟರೆ ಇಲ್ಲ! ಪಾಸ್‌ಪೋರ್ಟ್‌ನಲ್ಲಿ ‘ಎಚ್’ ಇದೆ. ಅಲ್ಲಿಗೆ ಮುಚ್ಚಿಡುವ ಆಸೆಯೂ ಮುಗಿಯಿತು.

ಎರಡನೇ ಆಸ್ಪತ್ರೆಗೆ ಮೊದಲೇ ಹೇಳಿ ಸೇರಿದೆ. ಸಂಬಳ ಮೂರು ಸಾವಿರ ಕಡಿಮೆ. ನಾಲ್ಕು ವರ್ಷ ಅಲ್ಲೇ ಇದ್ದೆ.

ಆಮೇಲೆ ಬ್ರಿಟನ್ನಿಗಾಗಿ ಪಿಸಿಸಿಗೆ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಹಾಕಿದೆ, ಫೀಸು ಐನೂರು. ಬರಲಿಲ್ಲ. ಹೋಗಿ ನೋಡಿದರೆ ಸ್ಟೇಷನ್ ದಾಖಲೆಯಲ್ಲಿ ಕೇಸು ಇನ್ನೂ ‘ನಡೆಯುತ್ತಿದೆ’. ತೀರ್ಪಾಗಿ ಐದು ವರ್ಷ! ದೃಢೀಕೃತ ನಕಲು ಹಿಡಿದು ನಾಲ್ಕು ಸಲ ಓಡಾಡಿದ ಮೇಲೆ ಸರಿಯಾಯಿತು. ಪಿಸಿಸಿಗೆ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ.

ತೀರ್ಪು ಕನ್ನಡದಲ್ಲಿತ್ತು. ಇಂಗ್ಲಿಷಿಗೆ ಮಾಡಿಸಲು ಮೂರೂವರೆ ಸಾವಿರ ಕೊಟ್ಟೆ. ‘ಗುದ್ದಲಿ ಕಾವಿನಿಂದ ಹೊಡೆದು’ (ಕಾವು ಅಂದರೆ ಹಿಡಿ) ಅನ್ನುವುದನ್ನು ಆ ಪುಣ್ಯಾತ್ಮ ಗುದ್ದಲಿಯನ್ನು ಬಿಸಿ ಮಾಡಿ ಹೊಡೆದಂತೆ ಬರೆದಿದ್ದ. ಹಾಗೇ ಕಳಿಸಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೇರೆಯವರ ಹತ್ತಿರ ಮತ್ತೆ ಮಾಡಿಸಿದೆ, ಮತ್ತೆ ದುಡ್ಡು.

ವೀಸಾ ಅರ್ಜಿಯಲ್ಲೂ ‘ಹೌದು’, ಕೆಲಸ ಕೊಟ್ಟ ಆಸ್ಪತ್ರೆಗೂ ‘ಹೌದು’. ಅಲ್ಲಿ ಹೋಗಿ ಪ್ರಾಯೋಗಿಕ ಪರೀಕ್ಷೆ ಆಸ್ಕಿ ಪಾಸಾದೆ. ಫೀಸು 794 ಪೌಂಡ್, ಪುಣ್ಯಕ್ಕೆ ಆಸ್ಪತ್ರೆಯೇ ಕಟ್ಟಿತ್ತು. ಆಮೇಲೆ ಎನ್‌ಎಂಸಿಯ ನಡತೆಯ ಘೋಷಣೆ. ತೀರ್ಪು, ಮುಚ್ಚಳಿಕೆ ಅವಧಿ ಮುಗಿದ ದಾಖಲೆ, ಕೇಸಿನ ವಿಷಯ ಗೊತ್ತಿರುವ ಇಬ್ಬರು ಇನ್‌ಚಾರ್ಜ್ ಸಿಸ್ಟರ್‌ಗಳ ಪತ್ರ, ಜೊತೆಗೆ ನನ್ನದೇ ಒಂದೂವರೆ ಪುಟದ ವಿವರಣೆ. ಆ ವಿವರಣೆಯನ್ನು ಹೇಗೆ ಶುರು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ನಕಲು ಮಾಡಿದರೆ ಯಾರಿಗೂ ಕೆಲಸ ಮಾಡಲ್ಲ. ‘ನಾನು ಬರೀ ಅಲ್ಲಿ ನಿಂತಿದ್ದೆ’ ಅಂತ ಮಾತ್ರ ಬರೆಯಬೇಡಿ. ನಾನು ಹೊಡೆದಿದ್ದೆ, ಹಾಗೇ ಬರೆದೆ.

ಸುಮಾರು ಹತ್ತು ವಾರ ಕಾಯಿಸಿದರು. ಜೊತೆಗೆ ಬಂದವರೆಲ್ಲ ನೋಂದಾಯಿತ ನರ್ಸ್‌ಗಳ ಸಂಬಳದ ಹಂತ ಬ್ಯಾಂಡ್ 5ಕ್ಕೆ ಹೋದರು, ನಾನು ಪಿನ್ ಇಲ್ಲದೆ ಕೆಳಗಿನ ಬ್ಯಾಂಡಿನ ಸಂಬಳದಲ್ಲೇ ಉಳಿದೆ. ನಡುವೆ ಒಂದು ಸಲ ಇನ್ನಷ್ಟು ವಿವರ ಕೇಳಿದರು, ಕೊಟ್ಟೆ. ಕೊನೆಗೆ ಪಿನ್ ಬಂತು.

ಆವತ್ತೇ ವಕೀಲರಿಗೆ ಫೋನ್ ಮಾಡಿ ‘ಹೌದು ಅಂತ ಬರೆದೇ ಆಯ್ತು ಸಾರ್’ ಅಂದೆ. ‘ನಿನ್ನ ಅದೃಷ್ಟ ಕಣಪ್ಪ’ ಅಂದರು. ಆಮೇಲೆ ಹಳೇ ಫೀಸಿನಲ್ಲಿ ಎರಡು ಸಾವಿರ ಬಾಕಿ ಇರುವುದನ್ನು ನೆನಪಿಸಿದರು.