ಚಾರ್ಟ್ ಬಿಟ್ಟೆ, ಟೇಪು ಹಿಡಿದೆ: ಹಿನ್ನೀರಿನ ದೋಣಿಗೆ ಹಾಯಿ ಕೂರಿಸಿದ ನನ್ನ ಅನುಭವ

ಈ ಸಲ ದೀಪಾವಳಿ ಕಳೆದ ಮೇಲೆ ನನ್ನ ದೋಣಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಗಾಳಿಗೆದುರು ಚೆನ್ನಾಗಿ ಏರುತ್ತಿದೆ. "ಎಂಜಿನ್ ಹಾಕಿ ಮುಗಿಸಿ ಮಾರಾಯ್ರೇ" ಅಂದವರೇ ಈಗ ಭಾನುವಾರ ಮಕ್ಕಳನ್ನು ಕರಕೊಂಡು ಬರುತ್ತಾರೆ.

ದೋಣಿ 22 ಅಡಿಯದು, ಹಳೇ ಫೈಬರ್, ಸಣ್ಣ ಕ್ಯಾಬಿನ್, ಎತ್ತುವ ಕೀಲ್ (ದೋಣಿಯಡಿ ನೀರಿಗಿಳಿಯುವ ರೆಕ್ಕೆ). ಇಲ್ಲಿಗೆ ಎತ್ತುವ ಕೀಲೇ ಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಮುಳುಗಿದ ಕಾಡಿನ ಬೊಡ್ಡೆಗಳು ಕಾಯುತ್ತಿರುತ್ತವೆ. ಗೋವಾ ಕಡೆಯಿಂದ ಲಾರಿಯಲ್ಲಿ ತಂದೆ. ಜೊತೆಗೆ ಬಂದ ಹಾಯಿಯನ್ನು ಇಲಿ ತಿಂದಿತ್ತು.

ಮೊದಲು ಅಡಿಕೆ ಒಣಗಿಸುವ ಟಾರ್ಪಾಲಿನಲ್ಲೇ ಹೊಲಿಸಿದೆ. ಐದಾರು ಸಾವಿರ. ಮೂರನೇ ಭಾನುವಾರಕ್ಕೆ ಹೊಟ್ಟೆ ಬಂದು ಚೀಲ ಆಯಿತು. ಆಮೇಲೆ ದೊಡ್ಡ ಊರಿನ ಒಬ್ಬ ಹಾಯಿ ಹೊಲಿಯುವವರಿಗೆ ಈ ಮಾಡೆಲ್ಲಿನ ಹಾಯಿ ಅಳತೆಗಳ ಚಾರ್ಟ್ ಕಳಿಸಿದೆ. ಪಿ, ಅಂದರೆ ಮುಖ್ಯ ಹಾಯಿ ಕಂಬದಗುಂಟ ಏರುವ ಎತ್ತರ, 21 ಅಡಿ; ಇ, ಅಂದರೆ ಅದರ ಕೆಳ ಅಂಚಿನ ಉದ್ದ, ಎಂಟೂವರೆ. 38 ಸಾವಿರ ಕೊಟ್ಟೆ. ಹಾಯಿ ಏರಿಸಿದರೆ ಅದರ ತಲೆ ಮಾಸ್ಟಿನ (ಹಾಯಿಕಂಬದ) ತುದಿ ಮುಟ್ಟಿತು, ಲಫ್ (ಹಾಯಿಯ ಮುಂದಿನ ಅಂಚು) ಮಾತ್ರ ಬಿಗಿಯಲೇ ಇಲ್ಲ. ಒಂದು ಅಡಿಗೂ ಮಿಕ್ಕಿ ಬಟ್ಟೆ ಜೋಲುತ್ತಿತ್ತು. ಫೋನ್ ಮಾಡಿದರೆ, "ಚಾರ್ಟ್ ಸರಿ ಇದೆ, ನಿಮ್ಮ ದೋಣಿಯೇ ತಪ್ಪು" ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜ. ಹಳೇ ಮಾಲೀಕ ಮಾಸ್ಟಿನ ಬುಡ ಕೊಯ್ದು ಗೂಸ್‌ನೆಕ್ (ಹಾಯಿಯ ಕೆಳಗಿನ ಅಡ್ಡಗೋಲು ಬೂಮ್ ಮಾಸ್ಟಿಗೆ ಸೇರುವ ಜೋಡಣೆ) ಮೇಲಕ್ಕೆ ಹಾಕಿದ್ದ! ಒಂದು ಸೀಸನ್ ಪೂರ್ತಿ ಮೊದಲ ರೀಫ್ ಕಟ್ಟಿಕೊಂಡೇ, ಅಂದರೆ ಹಾಯಿಯ ಕೆಳಭಾಗ ಮಡಚಿ ಕಟ್ಟಿಯೇ, ಓಡಿಸಿದೆ.

ಗಾಳಿಯಿಲ್ಲದ ಒಂದು ಬೆಳಿಗ್ಗೆ ಮೇನ್ (ಮುಖ್ಯ ಹಾಯಿ) ಏರಿಸುವ ಹಗ್ಗ ಹ್ಯಾಲ್ಯಾರ್ಡಿಗೆ ಟೇಪು ಕಟ್ಟಿ ಏರಿಸಿದೆ. ವಾಪಸ್ ಎಳೆಯಲು ಒಂದು ದಾರವನ್ನೂ ಕಟ್ಟಿ. ಮೊದಲ ಸಲ ನಾನು ಕಟ್ಟಿರಲಿಲ್ಲ, ಟೇಪು ಮೇಲೇ ಉಳಿಯಿತು, ಮಾಸ್ಟ್ ಇಳಿಸಬೇಕಾಯಿತು. ಪಿ ಹತ್ತೊಂಬತ್ತೂ ಮುಕ್ಕಾಲು ಅಡಿ ಬಂತು. ಐ, ಅಂದರೆ ಡೆಕ್‌ನಿಂದ ಮುಂದಿನ ಹಾಯಿ ಏರುವ ತುದಿವರೆಗಿನ ಎತ್ತರ, ಅಳೆಯುವಾಗ ಇನ್ನೊಂದು ಪೆದ್ದುತನ. ಕ್ಯಾಬಿನ್ ಚಾವಣಿಯಿಂದ ಅಳೆದು ಡೆಕ್‌ವರೆಗಿನ ಎತ್ತರ ಸೇರಿಸಲು ಮರೆತೆ, ಹದಿನಾಲ್ಕು ಇಂಚು ಹೋಯಿತು. ತಿದ್ದಿದ ಮೇಲೆ ಐ ಸುಮಾರು 22 ಅಡಿ 9 ಇಂಚು, ಜೆ (ಮಾಸ್ಟಿನಿಂದ ಮುಂದಿನ ತಂತಿಯ ಬುಡದವರೆಗಿನ ಉದ್ದ) ಏಳೂವರೆ. ಮೇನ್, ಮುಂದಿನ ತ್ರಿಕೋನ ಎರಡೂ ಸೇರಿ 170 ಚದರ ಅಡಿ ಆಸುಪಾಸು.

ಮುಂದಿನ ಹಾಯಿ ಜಿಬ್ ಜೆ ಅಳತೆಯ 150 ಪರ್ಸೆಂಟ್ ಇರಲಿ ಅಂತ ಎಲ್ಲರೂ ಹೇಳಿದರು. ಇಲ್ಲಿ ಗುಡ್ಡಗಳ ಸಂದಿಯಿಂದ ಗಾಳಿ ಒಮ್ಮೆಲೇ ನುಗ್ಗುತ್ತದೆ, ಮಕ್ಕಳಿರುವ ದೋಣಿ ಬೇರೆ. ನಾನು 110ಕ್ಕೇ ನಿಲ್ಲಿಸಿದೆ. ಡೇಕ್ರಾನ್ (ಹಾಯಿಯ ಪಾಲಿಯೆಸ್ಟರ್ ಬಟ್ಟೆ) ತರಿಸಿ ಸಾಗರ ಪೇಟೆಯಲ್ಲಿ ಕಾರ್ ಸೀಟ್ ಹೊಲಿಯುವವನ ಮೆಷಿನ್ನಿನಲ್ಲೇ ಜಿಗ್‌ಜಾಗ್ ಹಾಕಿಸಿದೆ. ಬಟ್ಟೆ, ಕೂಲಿ ಸೇರಿ 22 ಸಾವಿರ ಇರಬೇಕು. ಲಫ್‌ಗೆ ಎಷ್ಟು ಉಬ್ಬು ಕೊಟ್ಟೆ ಅಂತ ಮಾತ್ರ ಕೇಳಬೇಡಿ, ಮೂರು ಸಲ ಬಿಚ್ಚಿ ಹೊಲಿದು ಕಲಿತದ್ದು.

ಮಾಸ್ಟ್ ಹಿಡಿದಿಡುವ ಸ್ಟೇ ತಂತಿಗಳಿಗೆ ಬೋರ್‌ವೆಲ್ ಮೋಟಾರ್ ಇಳಿಸುವ ಜಿಐ ವೈರ್ ಹಾಕಿ ನೋಡಿದ್ದೆ. ಎಳೆದಷ್ಟೂ ಉದ್ದ ಆಗಿ, ಗಾಳಿ ಮರೆಯ ಕಡೆಯದು ಬಟ್ಟೆ ಒಣಹಾಕುವ ತಂತಿ ಥರ ತೂಗಾಡಿತು. ಈಗ 4 ಎಂಎಂ, ಒಂದು-ಹತ್ತೊಂಬತ್ತರ (ಹತ್ತೊಂಬತ್ತು ಎಳೆ ಹೊಸೆದ) ಸ್ಟೀಲ್ ವೈರ್. ಬಿಗಿ ಮಾಡುವ ತಿರುಪು ಟರ್ನ್‌ಬಕಲ್ ಅರ್ಧ ತೆರೆದಿಟ್ಟು ಉದ್ದ ಅಳೆದೆ. ಮಾಸ್ಟಿನ ವಾಲು ನೋಡಲು ಹ್ಯಾಲ್ಯಾರ್ಡಿನಿಂದ ನೀರು ತುಂಬಿದ ಚೊಂಬು ಇಳಿಬಿಟ್ಟೆ. ಓಲಾಡದಿರಲಿ ಅಂತ ಕೆಳಗೆ ಬಕೆಟ್ ನೀರಲ್ಲಿ ಅದ್ದಿದೆ. ಬೂಮ್ ಮಟ್ಟದಲ್ಲಿ ಹಗ್ಗ ಮಾಸ್ಟಿನಿಂದ ಆರು ಇಂಚು ಹಿಂದಕ್ಕಿತ್ತು, ಚುಕ್ಕಾಣಿಯ ಹಿಡಿ ಟಿಲ್ಲರ್ ಕೈ ಕೀಳುತ್ತಿತ್ತು. ನಾಲ್ಕಕ್ಕೆ ತಂದ ಮೇಲೆ ಎರಡು ಬೆರಳಲ್ಲೇ ಹಿಡಿಯಬಹುದು.

ನಡುವೆ ಇನ್ನೊಂದು ಹುಚ್ಚು. ಹಿಂಗಾಳಿಯಲ್ಲಿ ಜಿಬ್ ಹೊರಗೆ ಚಾಚಿಸಲು ಅಡಿಕೆ ಕೊಯ್ಯುವ ಕಾರ್ಬನ್ ದೋಟಿಯ ಎರಡು ತುಂಡು ಜೋಡಿಸಿದೆ. ಹಗುರ, ಗಟ್ಟಿ, ಭರ್ತಿ ಕೆಲಸಕ್ಕೆ ಬಂತು. ಗುಡುಗು ಬಂದರೆ ಮಾತ್ರ ಮೊದಲು ಇಳಿಸುತ್ತೇನೆ, ಕಾರ್ಬನ್ ಅಲ್ವಾ, ಕರೆಂಟ್ ಹರಿಯುತ್ತದೆ. ಅಡಿಕೆ ಕೊನೆ (ಗೊನೆ) ಕೊಯ್ಯುವ ನಮ್ಮ ಕೊನೆಗೌಡ ಮೊನ್ನೆ ತೋಟಕ್ಕೆ ಬಂದವನೇ, "ಹೆಗಡೇರೇ, ದೋಟಿ ಎಲ್ಲಿ?" ಅಂದ. ಹೊಳೇಲಿದೆ ಅಂದೆ. ಆ ದಿನ ಕೊನೆ ಕೊಯ್ಲು ಆಗಲಿಲ್ಲ.