ಆಯಿಯ ಕೂಲಿ ಯಾವ ಕಾಲಂಗೆ ಬರೆಯೋದು?

ಶಿರಸಿಯ ಒಂದು ಪದವಿ ಕಾಲೇಜಿನಲ್ಲಿ ನಾನು ವಾಣಿಜ್ಯ ಕಲಿಸುತ್ತೇನೆ. ಮಕ್ಕಳಿಗೆ ಸ್ವಂತ ವ್ಯಾಪಾರ ಮಾಡಲು ಕಲಿಸುವ ಉದ್ಯಮಶೀಲತಾ ಕೋಶದ ಹೊಣೆಯೂ ನನ್ನದೇ. ಈ ಕೋಶ ಹೇಗಿರುತ್ತದೆ ಅಂತ ಕಾಲೇಜು ನೋಡಿದವರಿಗೆ ಗೊತ್ತೇ ಇದೆ. ಬಾಗಿಲ ಮೇಲೊಂದು ಬೋರ್ಡು, ವರ್ಷಕ್ಕೊಂದು ಭಾಷಣ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ನಾಲ್ಕು ಫೋಟೊ. ಬಂದವರು ಬೆಂಗಳೂರಿನ ಆ್ಯಪ್‌ಗಳ ಕತೆ ಹೇಳುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟಿ ಸಿದ್ದಾಪುರದ ಬಸ್ಸು ಹಿಡಿಯುತ್ತಾರೆ.

ನಾನು ಮೊದಲು ಮಾಡಿದ ಕೆಲಸ ಬಿಸಿನೆಸ್ ಪ್ಲಾನ್ ಸ್ಪರ್ಧೆ ನಿಲ್ಲಿಸಿದ್ದು. ಅಲ್ಲಿ ಗೆಲ್ಲುವುದು ಚೆಂದದ ಸ್ಲೈಡು, ವ್ಯಾಪಾರ ಅಲ್ಲ. ಅದರ ಬದಲು ಒಂದೇ ಷರತ್ತು ಇಟ್ಟೆ. ಕೋಶಕ್ಕೆ ಸೇರುವವರು ಮೊದಲ ತಿಂಗಳಲ್ಲೇ ಏನಾದರೂ ಮಾರಬೇಕು. ಕೈಯಿಂದ ಹಾಕುವ ದುಡ್ಡು 500 ರೂಪಾಯಿ ದಾಟಬಾರದು. ಪ್ರತಿ ರೂಪಾಯಿಯ ಲೆಕ್ಕ ನೋಟ್‌ಬುಕ್ಕಿನಲ್ಲಿ ಇರಬೇಕು.

ನಮ್ಮ ಕಡೆಯ ಮಕ್ಕಳಿಗೆ 'ಐಡಿಯಾ' ಹುಡುಕಿಕೊಂಡು ಹೋಗುವ ಕಷ್ಟ ಇಲ್ಲ. ಮನೆಯಲ್ಲೇ ಸಾಮಾನಿದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಮುರುಗಲು ಶರಬತ್ತಿನ ಪಾಕ, ಬಾಳೆಕಾಯಿ ಚಿಪ್ಸ್. ಅಂಕೋಲಾದಿಂದ ಬಂದು ಹಾಸ್ಟೆಲ್‌ನಲ್ಲಿದ್ದ ಒಬ್ಬಳು ಒಣಮೀನು ಮಾರಿದಳು. ಹಾಸ್ಟೆಲ್ ಒಳಗೆ ಅದನ್ನು ತರುವ ಹಾಗಿರಲಿಲ್ಲ. ಹಾಗಾಗಿ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು, ಊರಿಂದ ಬಂದ ಬಸ್ಸು ಇಳಿದಲ್ಲೇ ಗಿರಾಕಿಗಳ ಕೈಗೆ ಕೊಟ್ಟು ಮುಗಿಸುತ್ತಿದ್ದಳು. ಗೋಡೌನ್ ಬೇಡ, ಬಾಡಿಗೆ ಬೇಡ! ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಆದರೆ ಮನೆಯ ಸಾಮಾನೇ ಲೆಕ್ಕ ಕೆಡಿಸುತ್ತದೆ. ಹಪ್ಪಳ ತಂದ ಹುಡುಗಿಯ ನೋಟ್‌ಬುಕ್ ನೋಡಿದೆ. ನೂರು ಹಪ್ಪಳದ ಕಟ್ಟಿಗೆ ಮೆಣಸು, ಉಪ್ಪು, ಜೀರಿಗೆ, ಕವರ್ ಎಲ್ಲ ಸೇರಿ 30 ರೂಪಾಯಿ ಖರ್ಚು. ಮಾರಿದ್ದು 250ಕ್ಕೆ. ಲಾಭ 220 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

"ಹಲಸಿನಕಾಯಿ?"

"ನಮ್ಮ ತೋಟದ್ದೇ ಸರ್."

"ಮಾಡಿದ್ದು ಯಾರು?"

"ಆಯಿ, ದೊಡ್ಡಮ್ಮ." ನಮ್ಮ ಕಡೆ ಆಯಿ ಅಂದರೆ ಅಮ್ಮ.

"ಅವರಿಗೆ ಎಷ್ಟು ಕೊಟ್ಟೆ?"

ಅವಳಿಗೆ ನಗು ಬಂತು. "ಆಯಿಗೆ ಯಾರಾದ್ರೂ ಕೂಲಿ ಕೊಡ್ತಾರಾ ಸರ್?"

ಬೋರ್ಡಿನ ಮೇಲೆ ಲೆಕ್ಕ ಬರೆದೆವು. ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಒಣಗಿಸುವುದಕ್ಕೆ ಇಬ್ಬರು ಹೆಂಗಸರಿಗೆ ಒಂದು ದಿನಕ್ಕೆ ಮುನ್ನೂರು ಹಪ್ಪಳ ಆಗುತ್ತದೆ ಅಂತ ಅವಳೇ ಹೇಳಿದಳು. ಕೂಲಿ ಎಷ್ಟು ಹಿಡಿಯೋಣ ಅಂತ ಚರ್ಚೆ ಆಯಿತು. ಕೊನೆಗೆ ಉದ್ಯೋಗ ಖಾತ್ರಿಯ ದರವನ್ನೇ ಹಿಡಿದೆವು. 2024–25ರಲ್ಲಿ ಕರ್ನಾಟಕದಲ್ಲಿ ಅದು ದಿನಕ್ಕೆ 349 ರೂಪಾಯಿ. ಇಬ್ಬರಿಗೆ 698. ನೂರು ಹಪ್ಪಳಕ್ಕೆ ಸುಮಾರು 233. ಕಾಯಿಗೆ 40 ಅಂತ ಹಾಕಿದೆವು. ಮೊದಲಿನ 30 ಸೇರಿಸಿದರೆ ಒಟ್ಟು 303. ಅಂದರೆ 250ಕ್ಕೆ ಮಾರಿದ ಪ್ರತಿ ಕಟ್ಟಿನಲ್ಲೂ 53 ರೂಪಾಯಿ ಲಾಸು.

"ಹಾಗಾದ್ರೆ ನಮ್ಮನೆ ಹಾಲೂ ಲಾಸೇ ಸರ್" ಅಂದ ಹಿಂದಿನ ಬೆಂಚಿನವನೊಬ್ಬ. ಅವನ ಲೆಕ್ಕ ಬಹುಶಃ ಸರಿಯೇ.

ಆಯಿ ಕೂಲಿ ಕೇಳುವುದಿಲ್ಲ, ನಿಜ. ಆದರೂ ಯಾಕೆ ಬರೆಯಬೇಕು? ನಾಳೆ ಮೂರು ಸಾವಿರ ಹಪ್ಪಳಕ್ಕೆ ಆರ್ಡರ್ ಬಂತು ಅಂತಿಟ್ಟುಕೊಳ್ಳಿ. ಆಯಿ ಒಬ್ಬಳಿಂದ ಆಗುವುದಿಲ್ಲ, ಜನ ಕರೆಯಬೇಕು. ಬಂದವರು ಸಂಜೆ ಕೂಲಿ ಕೇಳುತ್ತಾರೆ. ಆಯಿಯ ದುಡಿಮೆಗೆ ಸೊನ್ನೆ ಹಾಕಿ ಕಟ್ಟಿದ ರೇಟಿನಲ್ಲಿ ಅವರಿಗೆ ಕೊಡಲು ದುಡ್ಡೇ ಇರುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆ ಉದ್ಯಮಗಳು ಬೇಡಿಕೆ ಬಂದಾಗಲೇ ನಿಂತುಬಿಡುವುದು ಇದೇ ಕಾರಣಕ್ಕೆ ಅಂತ ನನ್ನ ಅನಿಸಿಕೆ. ಅಂದಿನಿಂದ ನೋಟ್‌ಬುಕ್ಕಿನಲ್ಲಿ 'ಮನೆಯ ಪಾಲು' ಅಂತ ಒಂದು ಕಾಲಂ ಕಡ್ಡಾಯ. ತೋಟದ ಕಾಯಿ, ಆಯಿಯ ಕೆಲಸ, ಅಪ್ಪಯ್ಯನ ಬೈಕಿನ ಪೆಟ್ರೋಲು, ಒಲೆಯ ಕಟ್ಟಿಗೆ ಎಲ್ಲ ಅಲ್ಲಿಗೆ.

ಆ ಹುಡುಗಿ ಊರಿನಲ್ಲಿ ರೇಟು ಏರಿಸಲು ಹೋಗಲಿಲ್ಲ. ಪಕ್ಕದ ಮನೆಯಲ್ಲೇ 250ಕ್ಕೆ ಸಿಗುವಾಗ ಇಲ್ಲಿ ಯಾರು ಜಾಸ್ತಿ ಕೊಡುತ್ತಾರೆ? ಬೆಂಗಳೂರಿನಲ್ಲಿರುವ ನಮ್ಮೂರಿನವರನ್ನು ಹಿಡಿದಳು. ಇಪ್ಪತ್ತೈದರ ಪ್ಯಾಕು ಮಾಡಿ 90 ರೂಪಾಯಿ ಇಟ್ಟಳು. ಪಾರ್ಸೆಲ್ ಖರ್ಚು ತಗೊಳ್ಳುವವರದ್ದು. ಕವರಿಗೆ ಇನ್ನೊಂದು 20 ರೂಪಾಯಿ ಸೇರಿದರೂ ನೂರಕ್ಕೆ 37 ಉಳಿಯಿತು. 220ರ ಮುಂದೆ ಸಣ್ಣದು. ಆದರೆ ಮುಂದಿನ ಸೀಸನ್‌ನಲ್ಲಿ ಅಕ್ಕಪಕ್ಕದ ಮನೆಯವರನ್ನು ಕರೆದು ಕೂಲಿ ಕೊಟ್ಟು ಮಾಡಿಸಿದಳು. ಆಗಲೂ ಲೆಕ್ಕ ಕೂಡಿತು.

ತೊಡದೇವು ತಂದ ಇಬ್ಬರು ಹುಡುಗರ ಕತೆ ಬೇರೆ. ಮಡಕೆ ಬೋರಲು ಹಾಕಿ, ಕಬ್ಬಿನ ಹಾಲಿನ ಹಿಟ್ಟು ಸವರಿ ತೆಗೆಯುವ ಅಷ್ಟು ತೆಳು ತಿಂಡಿ ಘಟ್ಟದ ರಸ್ತೆಯ ಬಸ್ಸಿನಲ್ಲಿ ಉಳಿಯುತ್ತದಾ? ಅವರ ನೋಟ್‌ಬುಕ್ಕಿನಲ್ಲಿ 'ಒಡೆದದ್ದು' ಅನ್ನುವ ಕಾಲಂ ಮಾರಾಟದ ಕಾಲಂಗಿಂತ ಬೇಗ ತುಂಬಿತು. ಪ್ಯಾಕಿಂಗ್ ಸರಿ ಮಾಡುವ ಹುಚ್ಚಿಗೆ ಅವರು ಬೀಳಲಿಲ್ಲ. ಮಡಕೆಯನ್ನೇ ಕಾಲೇಜಿನ ಮೇಳಕ್ಕೆ ಹೊತ್ತು ತಂದು ಎದುರಿಗೇ ಎರೆದು ಮಾರಿದರು. ಆಮೇಲೆ ಬಿಟ್ಟರು. ಲೆಕ್ಕ ನೋಡಿ ಬಿಟ್ಟವರನ್ನು ನಾನು ಫೇಲ್ ಅನ್ನುವುದಿಲ್ಲ.

ಕಾಗದಪತ್ರದ ಕೆಲಸ ಕಷ್ಟ ಅಂತ ಎಲ್ಲರೂ ಹೆದರುತ್ತಾರೆ. ಅಷ್ಟೇನಿಲ್ಲ. ನಾವು ಮಾಡಿಸುವಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ 'ಉದ್ಯಮ್' ನೋಂದಣಿ ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೀಳುವವರಿದ್ದಾರೆ, ಕೊಡಬೇಡಿ. ಪ್ಯಾಕೆಟ್ ಮೇಲೆ ತಯಾರಿಸಿದವರ ಹೆಸರು-ವಿಳಾಸ, ತೂಕ, ತಯಾರಾದ ತಿಂಗಳು, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಲೇಬೇಕು. ಅಡಿಕೆ ಪ್ಯಾಕ್ ಮಾಡಿದ ಒಂದು ಗುಂಪು 'ಶಿರಸಿ ಸುಪಾರಿ' ಅಂತ ದೊಡ್ಡದಾಗಿ ಬರೆಯಲು ಹೊರಟಿತ್ತು. ಆ ಹೆಸರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಅದನ್ನು ಹಾಕುವ ಹಾಗಿಲ್ಲ ಅಂತ ತಡೆದೆ.

ಸಬ್ಸಿಡಿ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ನಾವು ನೋಡಿದಾಗ ಕಿರು ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ಖರ್ಚಿನ ಶೇ 35, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇತ್ತು. ಒಳ್ಳೆಯ ಯೋಜನೆಯೇ. ಆದರೆ ಆರು ತಿಂಗಳ ಲೆಕ್ಕ ತೋರಿಸುವವರೆಗೆ ಕೋಶದಲ್ಲಿ ಅದರ ಮಾತೆತ್ತುವುದಿಲ್ಲ. ಮೊದಲೇ ಹೇಳಿದರೆ ಮಕ್ಕಳು ಗಿರಾಕಿಯನ್ನು ಬಿಟ್ಟು ಮೆಷಿನ್ ಹುಡುಕಲು ಹೊರಡುತ್ತಾರೆ. ಡ್ರೈಯರ್ ಬಂದು ಕೂರುತ್ತದೆ, ಒಣಗಿಸುವುದಕ್ಕೆ ಆರ್ಡರ್ ಇರುವುದಿಲ್ಲ. ತರಬೇತಿ ಬೇಕು ಅನ್ನುವವರಿಗೆ ಮಾತ್ರ ಹಳಿಯಾಳದ ಆರ್‌ಸೆಟಿಯ (ಬ್ಯಾಂಕಿನವರು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆ) ದಾರಿ ತೋರಿಸುತ್ತೇನೆ.

ಇನ್ನೂ ಬಗೆಹರಿಯದ ತಕರಾರು ಪರೀಕ್ಷೆಯದ್ದು. ಹಲಸು, ಮುರುಗಲು, ಮಾವು ಎಲ್ಲ ಬರುವುದು ಬೇಸಿಗೆಯ ಕೊನೆಗೆ. ಮಳೆ ಹಿಡಿಯುವುದರೊಳಗೆ ಒಣಗಿಸಿ ಮುಗಿಸಬೇಕು. ಸೆಮಿಸ್ಟರ್ ಪರೀಕ್ಷೆ ಬಂದು ಬೀಳುವುದೂ ಹೆಚ್ಚುಕಮ್ಮಿ ಆಗಲೇ. ವಿಶ್ವವಿದ್ಯಾಲಯ ನಮ್ಮ ಹಲಸಿನ ಮರ ನೋಡಿ ವೇಳಾಪಟ್ಟಿ ಹಾಕುವುದಿಲ್ಲವಲ್ಲ! ಹಾಗಾಗಿ ಕಾಲೇಜು ವರ್ಷದ ಮೊದಲ ಅರ್ಧದಲ್ಲಿ ಬಾಳೆಕಾಯಿ ಚಿಪ್ಸಿನಂಥ ಯಾವಾಗಲೂ ಸಿಗುವ ಸಾಮಾನಿನ ಮೇಲೆ ಕೈ ಪಳಗಿಸುತ್ತೇವೆ. ಜನವರಿಯಲ್ಲಿ ಗಿರಾಕಿಗಳ ಪಟ್ಟಿ ಮಾಡಿ ಮುಂಗಡ ತಗೊಳ್ಳುತ್ತೇವೆ. ಮೇ ತಿಂಗಳಲ್ಲಿ ಯಾರ ಮನೆಯಲ್ಲಿ ಯಾರು ಕೆಲಸ ಮಾಡುತ್ತಾರೆ, ಅವರಿಗೆ ಎಷ್ಟು ಕೊಡಬೇಕು ಅಂತ ಮಕ್ಕಳು ಜನವರಿಯಲ್ಲೇ ಬರೆದಿಟ್ಟಿರುತ್ತಾರೆ.